ಯಜಮಾನರೂ ಪೈಲಟ್ ಆಗಿರುವಾಗ: ಖಾಸಗಿ ವಿಮಾನದ ಕೆಲಸಕ್ಕೆ ಸೇರುವ ನಮ್ಮ ಕಡೆಯ ಯುವಕ ಯುವತಿಯರಿಗೆ

ಚಿಂತಾಮಣಿಯ ಹುಡುಗನೊಬ್ಬ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಕೈಗೆ ಬಂದ ಎಂಟನೇ ತಿಂಗಳಲ್ಲಿ ನನಗೆ ಫೋನ್ ಮಾಡಿದ. “ಅಣ್ಣಾ, ದೊಡ್ಡ ಕಂಪನಿಗಳಿಂದ ಇನ್ನೂ ಕರೆ ಬಂದಿಲ್ಲ. ಒಬ್ಬ ಕಾರ್ಖಾನೆ ಮಾಲೀಕರು ಬಾ ಎನ್ನುತ್ತಿದ್ದಾರೆ. ಸ್ವಂತ ವಿಮಾನವಿದೆ. ಅವರೂ ಹಾರಿಸುತ್ತಾರೆ, ಜೊತೆಗೊಬ್ಬ ಪೈಲಟ್ ಬೇಕಂತೆ. ಸೇರಿಕೊಳ್ಳಲೇ?”

“ಕಮಾಂಡರ್ ಯಾರು? ನೀನೋ, ಅವರೋ?” ಎಂದು ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಅದನ್ನು ಕೇಳಲಿಲ್ಲ ಅಣ್ಣಾ.”

ಸಂಬಳ ಕೇಳಿದ್ದ, ರಜೆ ಕೇಳಿದ್ದ, ವಿಮಾನದ ಮಾದರಿಯನ್ನೂ ಕೇಳಿದ್ದ. ಜೀವ ಯಾವ ಪ್ರಶ್ನೆಯ ಮೇಲೆ ನಿಂತಿದೆಯೋ ಅದನ್ನು ಮಾತ್ರ ಬಿಟ್ಟಿದ್ದ. ಅವನನ್ನು ದೂರುವುದಿಲ್ಲ, ಏಕೆಂದರೆ ನಮಗೆ ಯಾರೂ ಇದನ್ನು ಕಲಿಸುವುದಿಲ್ಲ. ನಾನು ಒಂಬತ್ತು ವರ್ಷ ಇಂಥ ಕೆಲಸ ಮಾಡಿದ್ದೇನೆ. ಮನೆ ಚಿಕ್ಕಬಳ್ಳಾಪುರದಲ್ಲಿ, ಯಜಮಾನರ ಕಾರ್ಖಾನೆ ಕೋಲಾರದ ಕಡೆ, ವಿಮಾನ ಜಕ್ಕೂರಿನ ಹ್ಯಾಂಗರ್‌ನಲ್ಲಿ. ಅವನಿಗೆ ಅಂದು ರಾತ್ರಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಸೇರುವ ಮೊದಲು ಲಾಗ್‌ಬುಕ್ ನೋಡಿ

ಸಂದರ್ಶನದಲ್ಲಿ ಅವರು ನಿಮ್ಮ ಹಾರಾಟಗಳ ದಾಖಲೆ ಪುಸ್ತಕವಾದ ಲಾಗ್‌ಬುಕ್ ಕೇಳುತ್ತಾರೆ. ಕೊಡಿ. ನಂತರ ವಿನಯದಿಂದಲೇ, “ಸರ್, ತಮ್ಮದನ್ನೂ ಒಮ್ಮೆ ನೋಡಬಹುದೇ? ಜೊತೆಯಾಗಿ ಹಾರುವವರಲ್ಲವೇ” ಎಂದು ಕೇಳಿ. ಒಳ್ಳೆಯ ಮಾಲೀಕರು ಖುಷಿಯಿಂದ ತೋರಿಸುತ್ತಾರೆ. ಮುಖ ಗಂಟಿಕ್ಕಿದರೆ ಅದನ್ನು ನೆನಪಿಟ್ಟುಕೊಳ್ಳಿ. ನಾಳೆ ಮೋಡದ ಮುಂದೆ ನೀವು “ಬೇಡ” ಎಂದಾಗಲೂ ಅದೇ ಮುಖವನ್ನು ನೋಡಬೇಕಾಗುತ್ತದೆ.

ಅದರಲ್ಲಿ ನೋಡಬೇಕಾದದ್ದು ಒಟ್ಟು ಗಂಟೆಗಳನ್ನಷ್ಟೇ ಅಲ್ಲ. ನಮ್ಮ ದೇಶದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ, ಕಮರ್ಷಿಯಲ್‌ಗೆ 200 ಗಂಟೆ ಬೇಕು. ಇಪ್ಪತ್ತು ವರ್ಷದ ಹಿಂದೆ ಲೈಸೆನ್ಸ್ ಪಡೆದು ವರ್ಷಕ್ಕೆ ಹದಿನೈದು ಗಂಟೆ ಹಾರುವವರೂ ತಮ್ಮನ್ನು ಹಳಬರೆಂದೇ ತಿಳಿದಿರುತ್ತಾರೆ. ಹಾಗಾಗಿ ಕಳೆದ 90 ದಿನಗಳ ಪುಟಗಳನ್ನು ತೆರೆಯಿರಿ. ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಪೈಲಟ್ ಆ ಅವಧಿಯಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಮಾಡಿರಬೇಕು ಎಂಬುದು ಎಲ್ಲೆಡೆ ನಡೆಯುವ ಅಳತೆ. ಆ ವಿಮಾನದ ಮಾದರಿ ಅವರ ಲೈಸೆನ್ಸ್‌ನಲ್ಲಿ ನಮೂದಾಗಿದೆಯೇ? ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೇನೂ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ, ಇದೆಯೇ? ಮೆಡಿಕಲ್ ಚಾಲ್ತಿಯಲ್ಲಿದೆಯೇ? ಲೈಸೆನ್ಸ್‌ನಲ್ಲಿ ಆ ಮಾದರಿ ಇಲ್ಲದಿದ್ದರೆ, ವಿಮಾನ ಅವರದೇ ಆದರೂ ಕಂಟ್ರೋಲ್ ಅವರ ಕೈಗೆ ಹೋಗುವಂತಿಲ್ಲ. ಇದನ್ನು ಮೊದಲ ದಿನ ಹೇಳುವುದು ಸುಲಭ. ಮೂರನೇ ತಿಂಗಳಲ್ಲಿ ಹೇಳುವುದು ಬಹಳ ಕಷ್ಟ.

ಕಮಾಂಡರ್ ಯಾರೆಂದು ನೆಲದ ಮೇಲೇ ತೀರ್ಮಾನವಾಗಲಿ

ಕಮಾಂಡರ್, ಅಂದರೆ ಪೈಲಟ್-ಇನ್-ಕಮಾಂಡ್, ಸ್ವತಃ ಕಂಟ್ರೋಲ್ ಹಿಡಿದಿರಲಿ, ಹಿಡಿಯದಿರಲಿ, ವಿಮಾನ ನಿಯಮದಂತೆ ಹಾರುವುದಕ್ಕೆ ಆತನೇ ಹೊಣೆ ಎಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಎರಡನೇ ಅನುಬಂಧ ಸ್ಪಷ್ಟವಾಗಿ ಹೇಳುತ್ತದೆ. ಕೊನೆಯ ಮಾತೂ ಆತನದೇ. ವಿಮಾನ ಯಾರ ಹೆಸರಿನಲ್ಲಿದೆ, ಸಂಬಳ ಯಾರು ಕೊಡುತ್ತಾರೆ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಈ ನಿಯಮವನ್ನು ನಾನು ಅಚ್ಚು ಮಾಡಿಸಿ ಯಜಮಾನರ ಮುಂದೆ ಇಟ್ಟಿದ್ದೆ. ಅವರು ಎರಡು ಸಲ ಓದಿ, “ಅಂದರೆ ನಾನು ಹಾರಿಸುತ್ತಿದ್ದರೂ ತಪ್ಪಾದರೆ ನಿನ್ನ ತಲೆಗೆ ಬರುತ್ತದೆಯೇ?” ಎಂದರು. “ಹೌದು ಸರ್, ಕಮಾಂಡರ್ ಎಂದು ನನ್ನ ಹೆಸರು ಬರೆದಿದ್ದರೆ.” ಅಂದಿನಿಂದ ಅವರು ಪ್ರತಿ ಹಾರಾಟಕ್ಕೂ ಮುನ್ನ, “ಇವತ್ತು ಯಾರ ಹೆಸರು?” ಎಂದು ಕೇಳುವುದನ್ನು ರೂಢಿ ಮಾಡಿಕೊಂಡರು.

ಈ ಕೆಲಸ ಮೂರು ಬಗೆಯಲ್ಲಿ ನಡೆಯುತ್ತದೆ. ಒಂದು, ನೀವು ಕಮಾಂಡರ್ ಆಗಿದ್ದು, ಲೈಸೆನ್ಸ್ ಇರುವ ಯಜಮಾನರು ನಿಮ್ಮ ಒಪ್ಪಿಗೆಯಿಂದ ಹಾರಿಸುವುದು. ಎರಡು, ವಿಮಾನವೇ ಇಬ್ಬರು ಪೈಲಟ್‌ಗಳನ್ನು ಬೇಡುವಂಥದ್ದಾಗಿದ್ದು, ಒಬ್ಬರು ಕಮಾಂಡರ್, ಇನ್ನೊಬ್ಬರು ಕೋ-ಪೈಲಟ್ ಆಗಿರುವುದು. ಮೂರು, ಯಜಮಾನರೇ ಕಮಾಂಡರ್ ಆಗಿದ್ದು ನೀವು ‘ಸುಮ್ಮನೆ ಧೈರ್ಯಕ್ಕೆ’ ಪಕ್ಕದಲ್ಲಿ ಕೂರುವುದು. ಈ ಮೂರನೆಯದಕ್ಕೆ ಒಪ್ಪಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಗದದಲ್ಲಿ ನೀವು ಪ್ರಯಾಣಿಕರು, ಮನಸ್ಸಿನಲ್ಲಿ ಕಾವಲುಗಾರರು. ಯಾವಾಗ ಕೈ ಹಾಕಬೇಕು, ಹಾಕಬಾರದು ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಯಜಮಾನರು ನೀವಿದ್ದೀರೆಂದು ಹೆಚ್ಚು ಧೈರ್ಯ ಮಾಡುತ್ತಾರೆ. ನೀವು ಕಮಾಂಡರ್ ಅವರಲ್ಲವೇ ಎಂದು ಒಂದು ಕ್ಷಣ ತಡೆಯುತ್ತೀರಿ. ನೆಲ ಹತ್ತಿರವಿರುವಾಗ ಆ ಒಂದು ಕ್ಷಣವೂ ನಮ್ಮ ಕೈಯಲ್ಲಿರುವುದಿಲ್ಲ.

1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಬಳಿ ಸಂಜಯ್ ಗಾಂಧಿಯವರಿದ್ದ ಪಿಟ್ಸ್ ಎಸ್-2ಎ ವಿಮಾನ ಬಿದ್ದದ್ದು ಎಲ್ಲರಿಗೂ ಗೊತ್ತು. ಅವರ ಜೊತೆ ಕುಳಿತಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಕೂಡ ಅಲ್ಲೇ ತೀರಿಕೊಂಡರು. ಅವರ ಹೆಸರು ಎಷ್ಟು ಜನಕ್ಕೆ ನೆನಪಿದೆ? ದೊಡ್ಡವರ ಪಕ್ಕದ ಸೀಟಿನಲ್ಲಿ ಕೂರುವ ಪ್ರತಿಯೊಬ್ಬ ವೃತ್ತಿಪರ ಪೈಲಟ್ ಆ ಹೆಸರನ್ನು ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಕಮರ್ಷಿಯಲ್ ಲೈಸೆನ್ಸ್ ಇದ್ದ ಮಾತ್ರಕ್ಕೆ ನೀವು ಬೋಧಕರಾಗುವುದಿಲ್ಲ. “ಹೇಗೂ ಜೊತೆಯಲ್ಲಿರುತ್ತೀಯ, ನನ್ನ ಮಗನಿಗೂ ಕಲಿಸು” ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ರೇಟಿಂಗ್ ಬೇಕು, ತರಬೇತಿ ನಡೆಯುವ ಕ್ರಮವೂ ಬೇರೆ. ಆದರೂ ಆ ರೇಟಿಂಗ್ ಮಾಡಿಕೊಳ್ಳಿ ಎಂದೇ ಸಲಹೆ ಕೊಡುತ್ತೇನೆ. ಬಲಗಡೆಯ ಸೀಟಿನಿಂದ ವಿಮಾನ ಇಳಿಸುವುದು, ಇನ್ನೊಬ್ಬರ ಕೈ ತಪ್ಪುವ ಮುನ್ನವೇ ಗ್ರಹಿಸುವುದು, ಇವೆರಡೂ ಆ ತರಬೇತಿಯಲ್ಲಿ ಸಿಗುವಷ್ಟು ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ. ರೇಟಿಂಗ್ ತಡವಾದರೆ ಕನಿಷ್ಠ ಒಬ್ಬ ಬೋಧಕರ ಜೊತೆ ಬಲಗಡೆಯಿಂದ ಹತ್ತು ಲ್ಯಾಂಡಿಂಗ್ ಮಾಡಿ, ಆಮೇಲೆ ಯಜಮಾನರ ಪಕ್ಕ ಕುಳಿತುಕೊಳ್ಳಿ.

ಒಪ್ಪಂದದಲ್ಲಿ ಇರಬೇಕಾದ ನಾಲ್ಕು ಸಾಲು

ನಮ್ಮ ಕಡೆ ಮಾತೇ ಮುದ್ರೆ ಎನ್ನುತ್ತೇವೆ. ಇಲ್ಲಿ ಅದು ಸಾಲದು. ಕಮಾಂಡರ್ ಹಾರಾಟ ಬೇಡವೆಂದರೆ ಅದೇ ಅಂತಿಮ, ಆ ಕಾರಣಕ್ಕೆ ಸಂಬಳ ಕಡಿತವಾಗಲಿ ವಜಾ ಆಗಲಿ ಇಲ್ಲ ಎಂಬ ಸಾಲು ಮೊದಲು ಬರಲಿ. ವಿಮೆಯ ಪಾಲಿಸಿಯಲ್ಲಿ ಯಾವ ಪೈಲಟ್‌ಗಳಿಗೆ, ಎಷ್ಟು ಗಂಟೆ ಅನುಭವವಿದ್ದರೆ ರಕ್ಷಣೆ ಎಂದು ಬರೆದಿರುತ್ತದೆ. ಆ ಪುಟದ ಪ್ರತಿ ತೆಗೆದುಕೊಂಡು ನಿಮ್ಮ ಹೆಸರು ಅಥವಾ ಅರ್ಹತೆ ಅದರೊಳಗೆ ಬರುತ್ತದೆಯೇ ಎಂದು ನೋಡಿಕೊಳ್ಳಿ. ಹೊಸ ಮಾದರಿಯ ತರಬೇತಿಗೆ ಯಜಮಾನರು ಹಣ ಹಾಕಿದರೆ ಬಾಂಡ್ ಕೇಳುತ್ತಾರೆ, ಅದು ನ್ಯಾಯವೇ. ಆದರೆ ನಡುವೆ ಅವರೇ ವಿಮಾನ ಮಾರಿದರೆ ಬಾಂಡ್ ಬಿದ್ದುಹೋಗಬೇಕು ಎಂದು ಬರೆಸಿ. ಖಾಸಗಿ ವಿಮಾನಗಳು ಆಗಾಗ ಕೈ ಬದಲಾಗುತ್ತವೆ. ಕೊನೆಯದು, ವಾರಕ್ಕೊಂದು ದಿನ ಫೋನ್ ಎತ್ತದೆ ಇರುವ ಹಕ್ಕು.

ಖಾಸಗಿ ವರ್ಗದಲ್ಲಿ ನೋಂದಣಿಯಾದ ವಿಮಾನದಲ್ಲಿ ಬಾಡಿಗೆ ಪಡೆದು ಯಾರನ್ನೂ ಕರೆದೊಯ್ಯುವಂತಿಲ್ಲ, ಅದಕ್ಕೆ ಬೇರೆ ಪರವಾನಗಿ ಬೇಕು. “ನಮ್ಮ ಸ್ನೇಹಿತರು, ಇಂಧನದ ಖರ್ಚಷ್ಟೇ ಕೊಡುತ್ತಾರೆ” ಎಂಬ ಮಾತಿಗೂ ಇದೇ ಉತ್ತರ.

ವಿಮಾನದ ಕಾಗದಗಳ ವಿಷಯ ಬೇಗ ಮುಗಿಸುತ್ತೇನೆ. ನೋಂದಣಿ ಪತ್ರ, ಹಾರಾಟ ಯೋಗ್ಯತೆಯ ಪತ್ರ, ಪ್ರತಿವರ್ಷದ ಯೋಗ್ಯತಾ ಪರಿಶೀಲನಾ ಪತ್ರ, ತೂಕದ ಪಟ್ಟಿ, ರೇಡಿಯೋ ಲೈಸೆನ್ಸ್, ವಿಮೆ, ಜರ್ನಿ ಲಾಗ್ (ವಿಮಾನದ ಹಾರಾಟಗಳ ದಾಖಲೆ) ಎಲ್ಲವನ್ನೂ ಸೇರಿದ ದಿನವೇ ಸ್ವತಃ ಓದಿ, ಮುಗಿಯುವ ತಾರೀಖುಗಳನ್ನು ಒಂದು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ನಿರ್ವಹಣೆಯ ಎಂಜಿನಿಯರ್ ಜೊತೆ ನೇರ ಪರಿಚಯ ಬೆಳೆಸಿಕೊಳ್ಳಿ. ಯಜಮಾನರಿಗೆ ಹೇಳಲು ಹಿಂಜರಿಯುವುದನ್ನು ಎಂಜಿನಿಯರ್ ನಿಮಗೆ ಹೇಳುತ್ತಾರೆ.

ಮೊದಲ ಹತ್ತು ಗಂಟೆ

ಮೊದಲ ಹತ್ತು ಗಂಟೆಗಳ ಹಾರಾಟದಲ್ಲಿ ಬಿದ್ದ ರೂಢಿಯೇ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಮೊದಲು ಪ್ರಯಾಣಿಕರಿಲ್ಲದೆ, ಒಳ್ಳೆಯ ಹವೆಯಲ್ಲಿ, ನೀವಿಬ್ಬರೇ ಹಾರಿ. ಕಂಟ್ರೋಲ್ ಕೈ ಬದಲಾಗುವಾಗ ಮೂರು ಮಾತು ಕಡ್ಡಾಯ ಮಾಡಿ: ಕೊಡುವವರು “ಯು ಹ್ಯಾವ್ ಕಂಟ್ರೋಲ್” ಎನ್ನಬೇಕು, ಪಡೆಯುವವರು “ಐ ಹ್ಯಾವ್ ಕಂಟ್ರೋಲ್” ಎನ್ನಬೇಕು, ಕೊಟ್ಟವರು ನೋಡಿ ಮತ್ತೊಮ್ಮೆ ಖಚಿತಪಡಿಸಬೇಕು. ಯಜಮಾನರಿಗೆ ಇದು ಶಾಲೆಯ ಪಾಠದಂತೆ ಕಾಣಬಹುದು. ಇಬ್ಬರೂ ಹಾರಿಸುತ್ತಿರುವ ವಿಮಾನ, ಯಾರೂ ಹಾರಿಸದ ವಿಮಾನ, ಇವೆರಡೂ ಹುಟ್ಟುವುದು ಈ ಮೂರು ಮಾತು ತಪ್ಪಿದಾಗಲೇ ಎಂದು ವಿವರಿಸಿ.

ಎರಡನೇ ರೂಢಿ ಗೋ-ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು. ನೆಲದಿಂದ 500 ಅಡಿ ಎತ್ತರಕ್ಕೆ ಬರುವಾಗ ವೇಗ, ಇಳಿಕೆ, ರನ್‌ವೇಯ ನೇರ ಎಲ್ಲವೂ ಸರಿಯಿಲ್ಲದಿದ್ದರೆ ಇಬ್ಬರಲ್ಲಿ ಯಾರು ಹೇಳಿದರೂ ಮೇಲೇರಬೇಕು, ಕಾರಣದ ಚರ್ಚೆ ಹ್ಯಾಂಗರ್‌ನಲ್ಲಿ. ಮೊದಲ ವಾರದಲ್ಲೇ ನಿಮ್ಮ ಸ್ವಂತ ಲ್ಯಾಂಡಿಂಗ್‌ನಲ್ಲಿ ಒಮ್ಮೆ ನೀವೇ “ಸರಿಯಾಗಲಿಲ್ಲ ಸರ್, ಗೋ-ಅರೌಂಡ್” ಎಂದು ಮಾಡಿ ತೋರಿಸಿ. ನಾನು ಹಾಗೆ ಮಾಡಿದ ಮೇಲೆಯೇ ನಮ್ಮ ಯಜಮಾನರಿಗೆ ಅದು ಅವಮಾನವಲ್ಲ ಎಂಬುದು ಮನಸ್ಸಿಗೆ ಇಳಿದದ್ದು. ಕಾರ್ಖಾನೆಯಲ್ಲಿ ಇನ್ನೂರು ಜನ ಎದ್ದು ನಿಲ್ಲುವ ಮನುಷ್ಯ. ಅವರ ತಪ್ಪನ್ನು ಅವರ ಮುಂದೆ ಹೇಳುವವರು ಬಹುಶಃ ನಾವೊಬ್ಬರೇ. ಹಾಗಾಗಿ ಧ್ವನಿ ಏರಿಸದೆ, ಅಂಕಿಯಲ್ಲಿ ಹೇಳಿ. “ವೇಗ ಕಡಿಮೆಯಾಯಿತು ನೋಡಿ” ಎನ್ನುವುದಕ್ಕಿಂತ “ವೇಗ 58” ಎಂದರೆ ಸಾಕು. ಮನೆಯವರು ಹಿಂದೆ ಕುಳಿತಿದ್ದರೆ ಇನ್ನೂ ಮುಖ್ಯ.

“ಬೇಡ” ಎನ್ನುವುದು ಹೇಗೆ

ಒಂದು ಮೇ ತಿಂಗಳು. ವಿಮಾನ ಸೆಸ್ನಾ 172ಎಸ್. ಯಜಮಾನರು, ಅವರ ಪತ್ನಿ, ಭಾವಮೈದ ಹಾಗೂ ನಾನು ಹೈದರಾಬಾದಿಗೆ ಹೊರಡಬೇಕು. ಮಧ್ಯಾಹ್ನ ಎರಡು ಗಂಟೆಗೆ ಎಂದು ತೀರ್ಮಾನವಾಗಿತ್ತು. ಹ್ಯಾಂಗರ್‌ಗೆ ಕಾರು ಬಂದಾಗ ಡಿಕ್ಕಿಯಲ್ಲಿ ಶ್ರೀನಿವಾಸಪುರದ ಮಾವಿನ ನಾಲ್ಕು ಪೆಟ್ಟಿಗೆ, ಒಂದೊಂದೂ ಇಪ್ಪತ್ತು ಕಿಲೋ. “ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗಪ್ಪ?” ಎಂದರು.

ನಾನು ಬೇಡ ಎನ್ನಲಿಲ್ಲ. ಕಾಗದ ತೆಗೆದು ಅವರ ಕೈಗೇ ಪೆನ್ನು ಕೊಟ್ಟೆ. ಆ ವಿಮಾನ ಟೇಕಾಫ್‌ನಲ್ಲಿ ಹೊರಬಹುದಾದ ಗರಿಷ್ಠ ತೂಕ 1157 ಕಿಲೋ. ನಮ್ಮದರ ಖಾಲಿ ತೂಕ 775. ಟ್ಯಾಂಕ್ ತುಂಬಿದರೆ ಬಳಸಬಹುದಾದ ಇಂಧನ ಸುಮಾರು 200 ಲೀಟರ್, ಅಂದರೆ 144 ಕಿಲೋ. ಜನರಿಗೂ ಸಾಮಾನಿಗೂ ಉಳಿದದ್ದು 238 ಕಿಲೋ. ನಾವು ನಾಲ್ವರೇ 304. ಮಾವನ್ನು ಮುಟ್ಟುವ ಮುಂಚೆಯೇ 66 ಕಿಲೋ ಹೆಚ್ಚು. ಇಂಧನ ಕಡಿಮೆ ಮಾಡೋಣವೆಂದರೆ ಹೈದರಾಬಾದ್ ದೂರ, ಮೀಸಲು ಬೇರೆ ಇರಬೇಕು.

ಆಮೇಲೆ ಬಿಸಿಲಿನ ಲೆಕ್ಕ. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಅಂದು 35. ಹೆಚ್ಚುವರಿ 26 ಡಿಗ್ರಿಯನ್ನು 120ರಿಂದ ಗುಣಿಸಿ ಎತ್ತರಕ್ಕೆ ಕೂಡಿದರೆ ಆರು ಸಾವಿರ ಅಡಿ ದಾಟುತ್ತದೆ. ಎಂಜಿನ್, ಪ್ರೊಪೆಲ್ಲರ್, ರೆಕ್ಕೆ ಮೂರಕ್ಕೂ ಸಿಗುವ ಗಾಳಿ ಅಷ್ಟು ತೆಳುವಾಗಿರುತ್ತದೆ. “ನಂದಿಬೆಟ್ಟದ ತುದಿ 4850 ಅಡಿ ಸರ್. ಅದಕ್ಕಿಂತ ಸಾವಿರ ಅಡಿ ಮೇಲೆ ರನ್‌ವೇ ಇದ್ದಂತೆ ನಮ್ಮ ವಿಮಾನ ಇವತ್ತು ನಡೆದುಕೊಳ್ಳುತ್ತದೆ” ಎಂದೆ. ಅವರು ಚಿಕ್ಕಂದಿನಿಂದ ನೋಡಿದ ಬೆಟ್ಟ ಅದು. ಮಾತು ತಟ್ಟಿತು.

ಆದರೆ ಲೆಕ್ಕ ಅರ್ಧ ಕೆಲಸ ಮಾತ್ರ. ಯಜಮಾನರಿಗೆ ಬಾಗಿಲು ಮುಚ್ಚಿದರೆ ಸಾಲದು, ಇನ್ನೊಂದು ಬಾಗಿಲು ತೋರಿಸಬೇಕು. ಭಾವಮೈದ ಮೂರು ಪೆಟ್ಟಿಗೆಯೊಂದಿಗೆ ರಾತ್ರಿ ರೈಲಿಗೆ ಹೋಗುವುದು, ನಾವು ಮೂವರು ಮರುದಿನ ಬೆಳಿಗ್ಗೆ ಆರೂವರೆಗೆ ತಂಪಿನಲ್ಲಿ ಹೊರಡುವುದು ಎಂದು ಪಟ್ಟಿ ಮಾಡಿಟ್ಟಿದ್ದೆ. ಮೂವರ ತೂಕ 214. ಉಳಿದ 24 ಕಿಲೋದಲ್ಲಿ ಒಂದು ಪೆಟ್ಟಿಗೆ ಮಾವಿಗೆ ಜಾಗವಿತ್ತು. ಆ ಪೆಟ್ಟಿಗೆಯನ್ನು ಅವರು ತಾವೇ ಎತ್ತಿ ಹಿಂದಿನ ಸಾಮಾನಿನ ಜಾಗದಲ್ಲಿ ಕಟ್ಟಿದರು.

ಮೋಡದ ವಿಷಯ ಇಷ್ಟು ಸುಲಭವಲ್ಲ. ತೂಕವನ್ನು ಬರೆದು ತೋರಿಸಬಹುದು, ಮೋಡವನ್ನು ಬರೆದು ತೋರಿಸಲಾಗದು. ನಮ್ಮ ಸೀಮೆಯಲ್ಲಿ ಎರಡು ಕಾಲ ಕೆಟ್ಟದ್ದು. ಭರಣಿ, ಕೃತ್ತಿಕೆಯ ದಿನಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಬೆಳೆದು ನಿಲ್ಲುವ ಗುಡುಗು ಮೋಡ ಒಂದು, ಹಸ್ತ ಚಿತ್ತೆಯ ಮಳೆ ಇನ್ನೊಂದು. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಸುತ್ತ ಬೆಳಗಿನ ಮಂಜು ಬೇರೆ. ಬೆಳಿಗ್ಗೆ ಚಿಕ್ಕಬಳ್ಳಾಪುರದಿಂದ ಹೊರಡುವಾಗ ನಂದಿಬೆಟ್ಟದ ನೆತ್ತಿ ಕಾಣುತ್ತಿದೆಯೇ ಎಂದು ನೋಡುವುದು ನನ್ನ ಹಳೆಯ ಅಭ್ಯಾಸ. ಆದರೆ ನಿರ್ಧಾರವನ್ನು ಹವಾಮಾನ ವರದಿಯ ಮೇಲೆಯೇ ಮಾಡುತ್ತೇನೆ. ಕಣ್ಣಳತೆಯ ಹಾರಾಟಕ್ಕೆ ಕನಿಷ್ಠ ಐದು ಕಿಲೋಮೀಟರ್ ಕಾಣಬೇಕು, ಮೋಡದಿಂದ ಅಡ್ಡಲಾಗಿ 1500 ಮೀಟರ್, ಮೇಲೆ ಕೆಳಗೆ 1000 ಅಡಿ ದೂರವಿರಬೇಕು.

ಇನ್‌ಸ್ಟ್ರುಮೆಂಟ್ ತರಬೇತಿ ಇಲ್ಲದ ಮಾಲೀಕರು “ಸ್ವಲ್ಪ ಮೋಡ ತಾನೇ, ದಾಟಿಬಿಡೋಣ” ಎಂದರೆ 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವನ್ನು ಹೇಳಿ. ಅಂಥ ತರಬೇತಿ ಇಲ್ಲದ 20 ಜನರನ್ನು ಹೊರಗೇನೂ ಕಾಣದ ಸ್ಥಿತಿಯಲ್ಲಿ ಹಾರಿಸಿದರು. ಇಪ್ಪತ್ತೂ ಜನ ವಿಮಾನದ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಮೂರು ನಿಮಿಷವೂ ಇಲ್ಲ.

ಇದಕ್ಕಿಂತ ಹೆಚ್ಚು ಕೆಲಸ ಮಾಡುವುದು ಮುಂಚಿತವಾಗಿ ಗೆರೆ ಎಳೆಯುವುದು. ಒಂದು ಅಕ್ಟೋಬರ್‌ನಲ್ಲಿ ಹುಬ್ಬಳ್ಳಿಯಿಂದ ಮರಳುವಾಗ, ಹೊರಡುವ ಮುನ್ನ ಕಾಫಿ ಕುಡಿಯುತ್ತಾ ನಕ್ಷೆಯ ಮೇಲೆ ಇಬ್ಬರೂ ಒಪ್ಪಿ ಗುರುತು ಹಾಕಿದೆವು: ಶಿರಾ ದಾಟುವ ಹೊತ್ತಿಗೆ ತುಮಕೂರು ಕಡೆಯ ಬೆಟ್ಟಸಾಲು ಕಾಣದಿದ್ದರೆ ಹಿಂದಕ್ಕೆ. ಶಿರಾದ ಮೇಲೆ ಬಂದಾಗ ಮುಂದೆ ಬೂದು ಗೋಡೆ, ನಡುವೆ ಒಂದು ಬೆಳಕಿನ ಕಿಂಡಿ. ಕಿಂಡಿ ಕಂಡರೆ ಮನುಷ್ಯನಿಗೆ ಆಸೆ. “ಎಡಗಡೆಯಿಂದ ಮಧುಗಿರಿ ಮೇಲೆ ಸುತ್ತಿ ಹೋಗಬಹುದು” ಎಂದರು ಯಜಮಾನರು. “ಗುರುತು ದಾಟಿದೆವು ಸರ್. ಐ ಹ್ಯಾವ್ ಕಂಟ್ರೋಲ್” ಎಂದು ವಿಮಾನ ತಿರುಗಿಸಿದೆ. ಹುಬ್ಬಳ್ಳಿಯಲ್ಲೇ ರಾತ್ರಿ ಉಳಿದೆವು. ಅವರದೊಂದು ಮುಖ್ಯ ಸಭೆ ತಪ್ಪಿತು. ಎರಡು ವಾರ ನಮ್ಮ ನಡುವೆ ಕೆಲಸದ ಮಾತಷ್ಟೇ. ಮೂರನೇ ವಾರ ಅವರೇ ನಕ್ಷೆ ಹರಡಿ, “ಮುಂದಿನ ಬಾರಿ ಗುರುತನ್ನು ಶಿರಾಕ್ಕಿಂತ ಹಿಂದೆ, ಹಿರಿಯೂರಿನಲ್ಲೇ ಹಾಕೋಣ” ಎಂದರು. ನನ್ನ ಒಂಬತ್ತು ವರ್ಷದಲ್ಲಿ ನನಗೆ ಸಿಕ್ಕ ದೊಡ್ಡ ಬಹುಮಾನ ಅದು.

ಅವರ ಮನೆಯವರ ವಿಶ್ವಾಸವನ್ನೂ ಗಳಿಸಿ. ನಮ್ಮ ಕಡೆಯವರಿಗೆ ಜಕ್ಕೂರು ಎಂದರೆ ಇಂದಿಗೂ 2004ರ ಏಪ್ರಿಲ್ 17, ನಟಿ ಸೌಂದರ್ಯ ಹೊರಟ ಪುಟ್ಟ ವಿಮಾನದ ನೆನಪು. ನನ್ನ ತಾಯಿ ಈ ಕೆಲಸಕ್ಕೆ ಕಳುಹಿಸುವಾಗ ಕೇಳಿದ ಮೊದಲ ಪ್ರಶ್ನೆಯೂ ಅದೇ. ಯಜಮಾನರ ಪತ್ನಿಯ ಮನಸ್ಸಿನಲ್ಲೂ ಆ ಭಯವಿತ್ತು. ತಡವಾದರೆ, ಊರಿನಲ್ಲೇ ಉಳಿದರೆ, ಅವರಿಗೆ ನಾನೇ ಫೋನ್ ಮಾಡುತ್ತಿದ್ದೆ. “ನೀನು ಬೇಡ ಎಂದರೆ ಬೇಡವೇ ಅಪ್ಪ” ಎಂದು ಅವರು ಒಮ್ಮೆ ಹೇಳಿದ ಮೇಲೆ ನನ್ನ ಕೆಲಸ ಅರ್ಧ ಹಗುರವಾಯಿತು.

ಗಂಟೆಗಳ ಲೆಕ್ಕ

ಒಬ್ಬ ಪೈಲಟ್ ಸಾಕೆಂದು ಪ್ರಮಾಣಪತ್ರವಿರುವ ವಿಮಾನದಲ್ಲಿ ಒಂದೇ ಹಾರಾಟವನ್ನು ಇಬ್ಬರೂ ಕಮಾಂಡರ್ ಸಮಯವೆಂದು ಬರೆದುಕೊಳ್ಳುವಂತಿಲ್ಲ, ಅಲ್ಲಿ ಕೋ-ಪೈಲಟ್ ಎಂಬ ಹುದ್ದೆಯೂ ಇಲ್ಲ. ಇಲ್ಲೇ ಆಸೆ ಹುಟ್ಟುವುದು. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ 1500 ಗಂಟೆ ಬೇಕು. 200 ಗಂಟೆಯೊಂದಿಗೆ ಸೇರಿ ತಿಂಗಳಿಗೆ ಹತ್ತು ಗಂಟೆ ಹಾರಿದರೆ ಅಲ್ಲಿಗೆ ತಲುಪಲು ಸುಮಾರು ಹನ್ನೊಂದು ವರ್ಷ. ಯಜಮಾನರು ಒಂದಷ್ಟು ಹಾರಾಟ ತಮ್ಮ ಹೆಸರಿಗೆ ಬೇಕೆಂದರೆ ಇನ್ನೂ ಹೆಚ್ಚು. ಒಪ್ಪಂದ ಮಾಡುವಾಗಲೇ ಯಾವ ಹಾರಾಟ ಯಾರ ಹೆಸರಿಗೆ ಎಂದು ಮಾತಾಡಿಕೊಳ್ಳಿ, ವಾರಾಂತ್ಯದಲ್ಲಿ ತರಬೇತಿ ಶಾಲೆಯಲ್ಲಿ ಪಾಠ ಮಾಡಲು ಅನುಮತಿ ಕೇಳಿ. ಗಂಟೆ ತುಂಬಿಸಲು ಸುಳ್ಳು ಬರೆಯಬೇಡಿ. 2011ರಲ್ಲಿ ನಕಲಿ ದಾಖಲೆಗಳ ತನಿಖೆಯಲ್ಲಿ ಪೈಲಟ್‌ಗಳು ಬಂಧನಕ್ಕೊಳಗಾದದ್ದನ್ನು ದೇಶವೇ ನೋಡಿದೆ. ಜರ್ನಿ ಲಾಗ್, ಫ್ಲೈಟ್ ಪ್ಲಾನ್, ನಿಮ್ಮ ಲಾಗ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟರೆ ಸುಳ್ಳು ಹೊರಬರುತ್ತದೆ.

ದೇಹದ ವಿಷಯ. ಹಾರಾಟಕ್ಕೆ ಹನ್ನೆರಡು ಗಂಟೆ ಮೊದಲಿನಿಂದ ಮದ್ಯ ಮುಟ್ಟುವಂತಿಲ್ಲ, ಪರೀಕ್ಷೆಯಲ್ಲಿ ಸೊನ್ನೆಯೇ ಬರಬೇಕು. ಮದ್ಯಸಾರವಿರುವ ಬಾಯಿ ತೊಳೆಯುವ ದ್ರವಕ್ಕೂ ಈಗ ನಿಷೇಧವಿದೆ. ನಿಯಮ ಕಂಟ್ರೋಲ್ ಹಿಡಿಯುವ ಯಜಮಾನರಿಗೂ ಅನ್ವಯಿಸುತ್ತದೆ. ಊರಹಬ್ಬದ ಬಾಡೂಟದ ಮರುದಿನ, ಮದುವೆಯ ಮರುದಿನ ಹಾರಾಟ ಇಟ್ಟುಕೊಳ್ಳದಂತೆ ಅವರ ಕಾರ್ಯದರ್ಶಿಗೆ ಮೊದಲೇ ಹೇಳಿಡಿ. ಅವರು ಸಭೆಯಲ್ಲಿ ಕುಳಿತ ಆರು ಗಂಟೆ ನೀವು ನಿಲ್ದಾಣದ ಕುರ್ಚಿಯಲ್ಲಿ ಕುಳಿತಿದ್ದರೆ ಅದೂ ಡ್ಯೂಟಿಯೇ, ವಿಶ್ರಾಂತಿಯಲ್ಲ. ಕಾಲು ಚಾಚಿ ಮಲಗಲು ಒಂದು ಕೋಣೆ ಕೇಳಿ ಪಡೆಯಿರಿ.

ಬಿಡಬೇಕಾದಾಗ

ಒಮ್ಮೆ ನಿಮ್ಮ “ಬೇಡ”ವನ್ನು ಮೀರಿ ಯಜಮಾನರು ಹಾರಿದರೆ ಕುಳಿತು ಮಾತಾಡಿ, ಮಾತಾಡಿದ್ದನ್ನು ಬರಹದಲ್ಲಿ ಕಳುಹಿಸಿ. ಎರಡನೇ ಬಾರಿ ಹಾಗಾದರೆ ಕೆಲಸ ಬಿಡಿ. ನಿರ್ವಹಣೆಯ ದಾಖಲೆಯಲ್ಲಿ ದೋಷವನ್ನು ಬರೆಯಬೇಡ ಎಂದರೆ ಎರಡನೇ ಬಾರಿಗೂ ಕಾಯಬೇಡಿ. ನನ್ನ ಎರಡನೆಯ ಕೆಲಸವನ್ನು ನಾನು ನಾಲ್ಕನೇ ತಿಂಗಳಿಗೆ ಬಿಟ್ಟದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಸಾಲದ ಕಂತು ನಡೆಯುತ್ತಿತ್ತು. ಏಳು ತಿಂಗಳು ತರಬೇತಿ ಶಾಲೆಯ ಅರೆ ಸಂಬಳದಲ್ಲಿ ಸಂಸಾರ ನಡೆಸಿದೆವು.

ಬಿಡುವಾಗ ಕ್ರಮ ತಪ್ಪಬೇಡಿ. ನೋಟಿಸ್ ಅವಧಿ ಮುಗಿಸಿ, ಲಾಗ್‌ಬುಕ್‌ನ ಪ್ರತಿ ಪುಟಕ್ಕೂ ಆಗಲೇ ದೃಢೀಕರಣದ ಸಹಿ ಮಾಡಿಸಿಕೊಳ್ಳಿ. ಆರು ತಿಂಗಳ ಮೇಲೆ ಹೋಗಿ ಕೇಳಿದರೆ ಯಾರೂ ಸಿಗುವುದಿಲ್ಲ. ಬಾಕಿ ಇರುವ ದೋಷಗಳ ಪಟ್ಟಿಯನ್ನು ಎಂಜಿನಿಯರ್‌ಗೂ, ಹೊಸದಾಗಿ ಬರುವ ಪೈಲಟ್‌ಗೂ ಕೊಡಿ. ಹೊಸಬರು ಫೋನ್ ಮಾಡಿ, “ಯಜಮಾನರು ಹಾರಿಸುವುದು ಹೇಗೆ?” ಎಂದು ಕೇಳುತ್ತಾರೆ. ಆಗ ಕಂಡದ್ದನ್ನು ಕಂಡಂತೆ ಹೇಳಿ: ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ) ವೇಗ ಎಷ್ಟು ಇಳಿಸುತ್ತಾರೆ, ಅಡ್ಡಗಾಳಿಯಲ್ಲಿ ಯಾವ ಕಾಲು ತಡವಾಗುತ್ತದೆ, ಯಾವ ಮಾತಿಗೆ ಕಿವಿಗೊಡುತ್ತಾರೆ.